ಮಾಲ್ಸುನ್ ಅಳೆದುಕೊಟ್ಟ ಜೋಡಿ

"ನನ್ನ ನಾದಕ್ಕೆ ರೋಗ ಅಂತೀರೇನ್ರೀ? ಜನ ಅಷ್ಟು ವರ್ಷ ಚಪ್ಪಾಳೆ ಹೊಡೆದದ್ದು ರೋಗಕ್ಕಾ?"

"ಕೂಗಬೇಡಿ ಮೇಷ್ಟ್ರೇ, ಮೀಟರಿಗೆ ಕಿವಿ ಇಲ್ಲ. ಈ ಎರಡು ವಾಲ್ವು ಜೋಡಿಯಲ್ಲ ಅಂದೆ, ಅಷ್ಟೆ."

"ಅಷ್ಟೆ ಅಂತೆ! ನೀವು ಲಂಗ ಹಾಕ್ಕೊಂಡು ಓಡಾಡೋವಾಗ ನಾನು ಗಿಟಾರ್ ಹಿಡಿದವನು!"

"ಹಿಡಿದಿರಿ, ಯಾರು ಇಲ್ಲ ಅಂದ್ರು? ವಾಲ್ವ್ ಹಿಡಿಯೋದು ಮಾತ್ರ ಕಲೀಲಿಲ್ಲ. ಹಳೇ ಕಾಲುಚೀಲದಲ್ಲಿ ತುರುಕಿ ತಂದಿದ್ದೀರಿ."

ಬೆಳಗಿನ ಐದೂವರೆ. ಕೊರಿಯಾದ ಸೋಲ್ ನಗರದ ಸೆವೂನ್ ಸಂಕೀರ್ಣದ ಮೂರನೆಯ ಮಹಡಿಯಲ್ಲಿ ದೀಪ ಉರಿಯುತ್ತಿರುವುದು ಒಂದೇ ಅಂಗಡಿಯಲ್ಲಿ. ಒಳಗೆ ಸ್ಟೂಲಿನ ಮೇಲೆ ಕೂತು ಮೀಟರಿನ ಮುಳ್ಳು ನೋಡುತ್ತಿರುವವರು ಪ್ಯೋ ಮಾಲ್ಸುನ್, ವಯಸ್ಸು ಅರವತ್ತೊಂಬತ್ತು. ಎದುರಿಗೆ ನಿಂತು ಕೂಗುತ್ತಿರುವವರು ಓಕ್ ಜಿನ್‌ಬೇ, ಎಪ್ಪತ್ನಾಲ್ಕರ ಗಿಟಾರ್ ವಾದಕ. ಇಬ್ಬರ ನಡುವೆ ಬೆನ್ನು ಬಿಚ್ಚಿಸಿಕೊಂಡು ಕೂತಿರುವುದು ಓಕ್ ಅವರ ಹಳೆಯ ಆಂಪ್ಲಿಫೈಯರ್.

ಮಾಲ್ಸುನ್ ಇಷ್ಟು ಬೇಗ ಬರುವುದಕ್ಕೆ ಕಾರಣವಿದೆ. ಕೆಳಗಿನ ಓಣಿಯ ಲೇತ್ ಯಂತ್ರಗಳು ಎಂಟಕ್ಕೆ ಶುರುವಾದರೆ ಕಟ್ಟಡದ ಕರೆಂಟು ಕುಡುಕನ ನಡಿಗೆಯಾಗುತ್ತದೆ. ಅದಕ್ಕೆ ಮುಂಚೆ ಸಿಗುವ ಎರಡೂವರೆ ತಾಸಿನಲ್ಲಿ ಅಳೆದದ್ದೇ ಅಳತೆ.

ಗಿಟಾರಿನ ಆಂಪ್ಲಿಫೈಯರಿನಲ್ಲಿ ಸ್ಪೀಕರನ್ನು ನೂಕುವುದು ಗಾಜಿನ ಬಲ್ಬಿನಂಥ ಎರಡು ದೊಡ್ಡ ವಾಲ್ವ್‌ಗಳು. ಒಂದೇ ನೊಗದ ಎತ್ತುಗಳ ಹಾಗೆ ಎರಡೂ ಸಮನಾಗಿ ಎಳೆಯಬೇಕು. ಒಂದು ಹೆಚ್ಚು ಎಳೆದರೆ ಅದು ಬೇಗ ಸುಟ್ಟುಹೋಗುತ್ತದೆ, ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ. ಡಬ್ಬಿಯ ಮೇಲೆ 'ಜೋಡಿ' ಎಂದು ಅಚ್ಚು ಹಾಕಿ ಮಾರುವವರಿಗೆ ಬರಗಾಲವಿಲ್ಲ. ಅಚ್ಚು ಹಾಕಿದ ಮಾತ್ರಕ್ಕೆ ಜೋಡಿಯಾಗುವುದಿಲ್ಲ.

ಮಾಲ್ಸುನ್ ಅವರ ಕ್ರಮವೇ ಬೇರೆ. ಪ್ರತಿ ವಾಲ್ವನ್ನೂ ಒಂದಿಡೀ ದಿನ ಉರಿಸುತ್ತಾರೆ, ಆರಿಸುತ್ತಾರೆ, ಮತ್ತೆ ಉರಿಸಿ ಅಳೆಯುತ್ತಾರೆ. ಊಟದ ಮರದ ಕಡ್ಡಿಯಿಂದ ಗಾಜನ್ನು ಮೆಲ್ಲಗೆ ತಟ್ಟಿ ಕಿವಿಗೊಡುತ್ತಾರೆ. ಗಿಲಕಿಯ ಸದ್ದು ಬಂದರೆ ಬುಟ್ಟಿಗೆ. ಒಂದು ಬೆಳಗ್ಗೆ ಮೂವತ್ತು ವಾಲ್ವ್ ಅಳೆದರೆ ಏಳೆಂಟು ಜೋಡಿ ಕೂಡಿಬರುತ್ತವೆ. ಅಳತೆಯನ್ನು ಬಿಳಿ ಪಟ್ಟಿಯ ಮೇಲೆ ಬರೆದು ವಾಲ್ವಿನ ಬುಡಕ್ಕೆ ಅಂಟಿಸುತ್ತಾರೆ. ಎರಡೂ ಪಟ್ಟಿಗಳಲ್ಲಿ ಒಂದೇ ಅಂಕಿ ಇರದ ಜೋಡಿ ನಲವತ್ತು ವರ್ಷದಲ್ಲಿ ಈ ಅಂಗಡಿಯ ಹೊಸ್ತಿಲು ದಾಟಿಲ್ಲ.

ಈ ಕೈ ಪಳಗಿದ್ದು ರೇಡಿಯೊ ಕಾರ್ಖಾನೆಯೊಂದರಲ್ಲಿ. ಗೋಕ್ಸಾಂಗ್ ಕಡೆಯ ಹಳ್ಳಿಯಿಂದ ಹದಿನಾರಕ್ಕೆ ಬಂದ ಮಾಲ್ಸುನ್ ಎಂಟು ವರ್ಷ ವಾಲ್ವ್ ಪರೀಕ್ಷೆಯ ಸಾಲಿನಲ್ಲಿ ಕೂತರು. ಟ್ರಾನ್ಸಿಸ್ಟರ್ ಬಂತು, ಸಾಲು ಮುಚ್ಚಿತು. ಆಮೇಲೆ ಗಂಡನ ಜೊತೆ ಈ ಅಂಗಡಿ. ಫಲಕದ ಮೇಲೆ ಗಂಡನ ಹೆಸರು, ಮೀಟರಿನ ಮುಂದೆ ಹೆಂಡತಿ. ಹದಿನೈದು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಗಿರಾಕಿಗಳು ಬಾಗಿಲಲ್ಲಿ ಇಣುಕಿ, ಯಜಮಾನರು ಇಲ್ವಾ ಎಂದು ಕೇಳಿ ಹಿಂದಿರುಗುತ್ತಿದ್ದರಂತೆ.

"ಎರಡು ವರ್ಷ ಹಾಗೇ ಹೋದ್ರು," ಎನ್ನುತ್ತಾರೆ ಮಾಲ್ಸುನ್. "ಬೇರೆ ಕಡೆ ತಗೊಂಡ ವಾಲ್ವು ಸುಟ್ಕೊಂಡು ಒಬ್ಬೊಬ್ರೇ ವಾಪಸ್ ಬಂದ್ರು. ಅವತ್ತಿಂದ ಎಲ್ಲರಿಗೂ ನಾನು ಚಿಕ್ಕಮ್ಮ."

ಓಕ್ ಅವರ ಸಂಕಟ ಬೇರೆ. ಎಪ್ಪತ್ತರ ದಶಕದಲ್ಲಿ ಅಮೆರಿಕನ್ ದಂಡಿನ ಕ್ಲಬ್ಬುಗಳಲ್ಲೂ ಜೊಂಗ್ನೊ ಬೀದಿಯ ಸಂಗೀತದ ಮನೆಗಳಲ್ಲೂ ನುಡಿಸುತ್ತಿದ್ದ 'ಐದು ಛತ್ರಿ' ತಂಡದಲ್ಲಿ ಈಗ ಉಳಿದಿರುವವರು ಮೂವರು. ಗಾಯಕಿ ಹ್ವಾಜಾಗೆ ಈ ಶನಿವಾರ ಎಪ್ಪತ್ತು ತುಂಬುತ್ತದೆ. ಔತಣದಲ್ಲಿ ಕೊನೆಯದಾಗಿ ಒಮ್ಮೆ ಹಾಡುತ್ತೇನೆ ಎಂದು ಆಕೆ ಒಪ್ಪಿದ್ದರು. ಓಕ್ ದುಬಾರಿ ಜೋಡಿಯೊಂದನ್ನು ಹೊರದೇಶದಿಂದ ತರಿಸಿ ಹಾಕಿ ತಾಲೀಮಿಗೆ ಹೋದರು. ಹ್ವಾಜಾ ಎರಡು ಸಾಲು ಹಾಡಿ ಮೈಕು ಕೆಳಗಿಟ್ಟರು.

"ಏನಂದ್ಲು ಗೊತ್ತಾ?" ಓಕ್ ಈಗ ಕೂಗು ಬಿಟ್ಟು ಗೋಗರೆಯುತ್ತಾರೆ. "'ಇದು ಆಸ್ಪತ್ರೆ ಲಿಫ್ಟಿನ ಸಂಗೀತ. ನಮ್ಮ ನಾದ ತಂದ್ರೆ ಹಾಡ್ತೀನಿ, ಇಲ್ದಿದ್ರೆ ಕೇಕ್ ತಿಂದು ಮನೆಗೆ ಹೋಗ್ತೀನಿ' ಅಂದ್ಲು. ಅದಕ್ಕೇ ಆ ಕಾಲದ ನಮ್ಮ ವಾಲ್ವನ್ನೇ ಹುಡುಕಿ ತಂದಿದ್ದು. ಇಂಥದ್ದೇ ಜೋಡಿ ಕೊಡಿ ಅಂದ್ರೆ ಇದು ಜೋಡಿನೇ ಅಲ್ಲ ಅಂತೀರಿ."

ಮಾಲ್ಸುನ್ ಕಾಲುಚೀಲದಿಂದ ಬಂದ ವಾಲ್ವ್‌ಗಳನ್ನು ದೀಪಕ್ಕೆ ಹಿಡಿಯುತ್ತಾರೆ. ಎರಡೂ ಮುದಿ, ಜೀವ ಗುಟುಕು ಗುಟುಕು. ಆದರೂ ಒಂದರ ಎಳೆತ ಇನ್ನೊಂದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು. ಒಂದು ಅಮೆರಿಕದ್ದು, ಇನ್ನೊಂದು ಜಪಾನಿನದು.

"ಆಗ ಒಂದು ಸುಟ್ಟರೆ ಎರಡನ್ನೂ ಬದಲಾಯಿಸ್ತಿದ್ರಾ?"

"ಎರಡು ಎಲ್ಲಿಂದ ತರೋದು? ದಂಡಿನ ಅಂಗಡಿಯಿಂದ ಒಂದು ಕದ್ದು ತರೋದೇ ಸಾಹಸ."

"ಅಲ್ಲಿಗೆ ಅಷ್ಟು ವರ್ಷ ಕುಂಟೆತ್ತು ಕಟ್ಟಿಯೇ ಗಾಡಿ ಹೊಡೆದಿದ್ದೀರಿ. ನಿಮ್ಮ ನಾದ ಅಂದ್ರೆ ಅದೇ, ಮೇಷ್ಟ್ರೇ."

ಓಕ್ ಪೆಚ್ಚಾಗಿ ಪೆಟ್ಟಿಗೆಯೊಂದರ ಮೇಲೆ ಕೂರುತ್ತಾರೆ. "ಹಾಗಾದ್ರೆ ಕುಂಟೆತ್ತೇ ಕೊಡಿ."

"ಕೊಡಲ್ಲ. ಒಂದು ವಾಲ್ವು ಮೂರು ತಿಂಗಳಲ್ಲಿ ಕೆಂಪಗೆ ಕಾದು ಸಾಯುತ್ತೆ. ನನ್ನ ಪಟ್ಟಿ ಅಂಟಿಸಿ ಅಂಥದ್ದು ಕಳಿಸೋಕಾಗಲ್ಲ."

"ನನಗೆ ಬೇಕಾಗಿರೋದು ಒಂದು ಸಂಜೆ ಕಣಮ್ಮ!"

ಪಕ್ಕದ ಅಂಗಡಿಯಲ್ಲಿ ಸ್ಪೀಕರ್ ರಿಪೇರಿ ಮಾಡುವ ಬಾನ್, ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ ಇಣುಕುತ್ತಾರೆ. "ಕೊಟ್ಟುಬಿಡಿ ಚಿಕ್ಕಮ್ಮ. ಇಲ್ದಿದ್ರೆ ಈ ಮನುಷ್ಯ ಇಲ್ಲೇ ಹಾಸಿಗೆ ಹಾಕ್ತಾನೆ."

ಮಾಲ್ಸುನ್ ಬಾರ್ಲಿ ಚಹಾ ಕುಡಿದು ಮುಗಿಸಿ, ಜೋಡಿಯಾಗದೆ ಉಳಿದವುಗಳ ಬುಟ್ಟಿಗೆ ಕೈ ಹಾಕುತ್ತಾರೆ. ಕುಂಟು ಜೋಡಿ ಹಾಕುವುದಾದರೆ ಕೈಗೆ ಸಿಕ್ಕಿದ್ದನ್ನು ಹಾಕಬಹುದಿತ್ತು. ಇವರು ಹಾಗೆ ಮಾಡುವವರಲ್ಲ. ಹನ್ನೊಂದು ವಾಲ್ವ್ ಅಳೆದು, ಮುಳ್ಳು ಮೂವತ್ತಕ್ಕೆ ನಿಲ್ಲುವುದೊಂದನ್ನು, ನಲವತ್ತಕ್ಕೆ ನಿಲ್ಲುವುದೊಂದನ್ನು ಆರಿಸುತ್ತಾರೆ. ಹಳೆಯ ಜೋಡಿಯ ವ್ಯತ್ಯಾಸ ಎಷ್ಟಿತ್ತೋ ಸರಿಯಾಗಿ ಅಷ್ಟೇ. ಅವನ್ನು ಕೂರಿಸಿ ಸ್ವಿಚ್ ಒತ್ತುತ್ತಾರೆ.

ವಾಲ್ವ್‌ಗಳು ಕಾಯುತ್ತವೆ. ಗುಂಯ್ ಎನ್ನುವ ಸಣ್ಣ ಸದ್ದು ಅಂಗಡಿಯನ್ನು ತುಂಬುತ್ತದೆ. ಓಕ್ ಒಂದು ತಂತಿ ಮೀಟುತ್ತಾರೆ. ನಾದ ದಪ್ಪಗೆ, ತುಸು ಗೊಗ್ಗರಾಗಿ, ಬೆಲ್ಲ ಸುಟ್ಟ ವಾಸನೆಯ ಹಾಗೆ ಹರಡುತ್ತದೆ. ಬಾನ್ ಬ್ರಷ್ ಬಾಯಿಂದ ತೆಗೆಯುತ್ತಾರೆ.

"ನಾನು ಕೇಳಿದ್ದೀನಿ," ಎನ್ನುತ್ತಾರೆ ಮಾಲ್ಸುನ್.

ಕೇಳಿದ್ದು ಹತ್ತೊಂಬತ್ತರ ವಯಸ್ಸಿನಲ್ಲಿ. ಕಾರ್ಖಾನೆಗೆ ರಜೆ, ಸಾಲಿನ ಮೂವರು ಹುಡುಗಿಯರ ಜೊತೆ, ಒಂದೇ ಲಿಪ್‌ಸ್ಟಿಕ್ ನಾಲ್ವರೂ ಹಚ್ಚಿಕೊಂಡು, ಜೊಂಗ್ನೊದ ಸಂಗೀತದ ಮನೆಯ ಹಿಂಬದಿಯ ಗೋಡೆಗೆ ಒರಗಿ ನಿಂತಿದ್ದರು. 'ಐದು ಛತ್ರಿ'ಯ ಒಂದು ಹಾಡು ಮುಗಿದು ಮುಂದಿನ ಹಾಡು ಶುರುವಾಗುವವರೆಗೂ ಈ ಗುಂಯ್ ಸದ್ದು ಇರುತ್ತಿತ್ತು.

"ನನ್ನ ಎದೆಯೊಳಗಿಂದ ಬರ್ತಿದೆ ಅಂದ್ಕೊಂಡಿದ್ದೆ. ಹಗಲೆಲ್ಲ ಇಂಥ ವಾಲ್ವುಗಳನ್ನೇ ಕೆಟ್ಟದ್ದು ಅಂತ ಬುಟ್ಟಿಗೆ ಎಸೀತಿದ್ದೆ. ಆವತ್ತು ಸಾಯಂಕಾಲ ಅದನ್ನ ಕೇಳ್ತಾ ಅತ್ತಿದ್ದೀನಿ, ನೋಡಿ."

ಓಕ್ ಪೂರ್ತಿ ಹಾಡು ನುಡಿಸುತ್ತಾರೆ. ಕೆಳಗೆ ಮೊದಲ ಲೇತ್ ಕಿರುಗುಟ್ಟುವ ಹೊತ್ತಿಗೆ ಮಾಲ್ಸುನ್ ಬಿಳಿ ಪಟ್ಟಿ ಕತ್ತರಿಸಿ ಒಂದರ ಮೇಲೆ ಮೂವತ್ತು, ಇನ್ನೊಂದರ ಮೇಲೆ ನಲವತ್ತು ಎಂದು ಬರೆದು ಅಂಟಿಸುತ್ತಾರೆ.

"ಸುಳ್ಳು ಬರೆಯೋಕಾಗಲ್ಲ. ಸೋಮವಾರ ಬೆಳಗ್ಗೆ ಬನ್ನಿ, ಸರಿ ಜೋಡಿ ಹಾಕ್ತೀನಿ. ದುಡ್ಡು ಬೇಡ."

"ಸೋಮವಾರ ಬಂದೆ ಅಂತ್ಲೇ ತಿಳ್ಕೊಳ್ಳಿ," ಎಂದು ಓಕ್ ಆಂಪ್ಲಿಫೈಯರನ್ನು ತಳ್ಳುಗಾಡಿಗೆ ಕಟ್ಟುತ್ತಾರೆ. ಸೊಂಟ ಬಗ್ಗಿಸಿ ನಮಸ್ಕರಿಸುತ್ತಾರೆ, ಒಮ್ಮೆ ಅಲ್ಲ, ಎರಡು ಸಲ. ಗಾಡಿಯ ಚಕ್ರದ ಸದ್ದು ಇಳಿಜಾರಿನಲ್ಲಿ ಕರಗುತ್ತದೆ.

ಇದಾಗಿ ಆರು ಸೋಮವಾರಗಳು ಕಳೆದಿವೆ. ಹ್ವಾಜಾ ಹಾಡಿದರೆಂದು, ಹಾಡಿದ್ದನ್ನೇ ಮೂರು ಸಲ ಹಾಡಿದರೆಂದು ಬಾನ್ ಸುದ್ದಿ ತಂದಿದ್ದಾರೆ. ಓಕ್ ಬಂದಿಲ್ಲ. ಅಳೆದಿಟ್ಟ ಸರಿ ಜೋಡಿಯನ್ನು ಬೇರೆಯವರಿಗೆ ಕೊಟ್ಟುಬಿಡಿ ಎಂದು ಬಾನ್ ಹೇಳಿದರೆ ಮಾಲ್ಸುನ್ ಕಡ್ಡಿಯಿಂದ ಇನ್ನೊಂದು ಗಾಜನ್ನು ತಟ್ಟಿ, ತಲೆ ಎತ್ತದೆಯೇ ಅನ್ನುತ್ತಾರೆ:

"ಸುಟ್ಟಿದ್ರೆ ಬಯ್ಯೋಕಾದ್ರೂ ಬರ್ತಿದ್ರು. ಬಂದಿಲ್ಲ ಅಂದ್ರೆ ಇನ್ನೂ ನುಡಿಸ್ತಿದ್ದಾರೆ."