ಜೊತೆಗೆಂದು ಬರೆದ ಪರೀಕ್ಷೆ

ಮೆಡಿಕಲ್ ಕಾಲೇಜಿನ ಮೊದಲ ದಿನ ಗೇಟಿನಲ್ಲಿದ್ದ ಸೆಕ್ಯುರಿಟಿಯವನು ನನ್ನನ್ನು ತಡೆದು, "ಅಮ್ಮಾ, ಪೇರೆಂಟ್ಸೆಲ್ಲ ಆ ಪೆಂಡಾಲಲ್ಲಿ ಕೂತ್ಕಳಿ, ಕಾಫಿ ಇದೆ" ಎಂದ. ಹೋಗಿ ಕೂತೆ. ಕಾಫಿಯನ್ನೂ ಕುಡಿದೆ. ನಲವತ್ತು ದಾಟಿದವಳು ಬಿಳಿ ಕೋಟನ್ನು ಚೀಲದಲ್ಲಿ ಮಡಚಿಟ್ಟುಕೊಂಡು "ನಾನೇ ಸ್ಟೂಡೆಂಟು ಕಣಪ್ಪ" ಎನ್ನಲು ಸ್ವಲ್ಪ ಧೈರ್ಯ ಬೇಕು. ವಯಸ್ಸಿನ ನಾಚಿಕೆ ಕಾಫಿಯ ಜೊತೆ ಇಳಿದುಹೋಯಿತು. ಇಳಿಯದೆ ಉಳಿದದ್ದು ಇನ್ನೊಂದು. ಆ ಕೋಟು ನನ್ನ ಶಿಷ್ಯೆಯ ಮೈಮೇಲೆ ಇರಬೇಕಿತ್ತು.

ನಾನು ಸಾಗರದಲ್ಲಿ ಬಯಾಲಜಿ ಟ್ಯೂಷನ್ ಹೇಳುತ್ತಿದ್ದವಳು. ನಿಟ್ಟೂರಿನ ಈ ಹುಡುಗಿ ಹಾಸ್ಟೆಲಿನಲ್ಲಿದ್ದುಕೊಂಡು ನನ್ನ ಬಳಿ ಬರುತ್ತಿದ್ದಳು. ಮನೆಯಲ್ಲಿ ಬರೆಸಿದರೆ ಎಲ್ಲವೂ ಸರಿ, ಪರೀಕ್ಷೆಯ ಹಾಲ್ ಕಂಡರೆ ಕೈ ನಡುಕ. ನೀಟ್ ಒಂದು ಸಲ ಬರೆದು ಕೆಡಿಸಿಕೊಂಡಿದ್ದಳು.

"ಈ ಸಲ ನೀವೂ ಬರೀರಿ ಮೇಡಂ. ನೀವೂ ಎಲ್ಲೋ ಕೂತ್ಕಂಡು ಬರೀತಿದೀರಿ ಅಂದ್ರೆ ನಂಗೆ ಹೆದ್ರಿಕೆ ಆಗಲ್ಲ."

"ಈ ವಯಸ್ಸಲ್ಲಾ?"

"ಈಗ ವಯಸ್ಸಿನ ಮಿತಿ ತೆಗ್ದಿದಾರೆ. ಮುದುಕ್ರೂ ಬರೀಬೋದು."

"ಮುದುಕಿ ಅಂದ್ಯಾ ನನ್ನ?"

"ಬರೀರಿ, ಆಮೇಲ್ ಬೈರಿ."

ಬರೆದೆ. ಆಮೇಲೆ ಕಾಲೇಜುಗಳ ಆಯ್ಕೆ ತುಂಬುವಾಗಲೂ, ಹೇಗೆಂದು ತೋರಿಸಲು ಮೊದಲು ನನ್ನದನ್ನೇ ತುಂಬಿದೆ. ತೀರ್ಥಹಳ್ಳಿ ರಸ್ತೆಯಲ್ಲಿ ಆಗಷ್ಟೇ ಶುರುವಾಗುತ್ತಿದ್ದ ಕಾಲೇಜನ್ನು ಇಬ್ಬರೂ ಮೊದಲಿಗೆ ಹಾಕಿದೆವು. ಹಳೆಯ ಕಾಲೇಜಾದರೆ ಕಳೆದ ವರ್ಷ ಎಷ್ಟು ಅಂಕಕ್ಕೆ ಸೀಟು ಸಿಕ್ಕಿತ್ತೆಂದು ನೋಡಬಹುದು. ಹೊಸದಕ್ಕೆ ಕಳೆದ ವರ್ಷವೇ ಇಲ್ಲ. ನನಗೆಲ್ಲಿ ಬರುತ್ತದೆ ಎಂದುಕೊಂಡೆ. ಸೀಟು ಹಂಚಿಕೆಯ ಕೊನೆಯ ಸುತ್ತಿನಲ್ಲಿ ನಮ್ಮಿಬ್ಬರ ಮೀಸಲಾತಿ ವರ್ಗಕ್ಕೆ ಉಳಿದದ್ದು ಒಂದೇ ಸೀಟು. ಬಂದದ್ದು ನನಗೆ. ನನ್ನ ನಂತರದ ಸರದಿ ಅವಳದ್ದಿತ್ತು.

"ನೀ ಬಿಟ್ರೆ ಅವ್ಳಿಗೆ ಹೋಗ್ತದಾ?" ಎಂದರು ನಮ್ಮ ಯಜಮಾನರು.

"ಇಲ್ಲ. ಇದೇ ಕೊನೆ ಸುತ್ತು, ಖಾಲಿ ಬೀಳ್ತದೆ."

"ಮತ್ತೆ ಎಂತಕ್ಕೆ ಬಿಡ್ತೀಯ?"

ಮಾತು ಸರಿಯಾಗಿಯೇ ಇತ್ತು. ಆದರೆ ಸೀಟು ಬಂತೆಂದು ಗೊತ್ತಾದಾಗ ನನಗೆ ಮೊದಲು ಆದದ್ದು ಖುಷಿ. ಹುಡುಗಿ ನೆನಪಾದದ್ದು ಅದರ ಹಿಂದೆ. ಆ ಹಿಂದೆ ಮುಂದೆಯೇ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ನಿಟ್ಟೂರಿಗೆ ಹೋದೆ. ಅವಳ ಅಮ್ಮ ಬಾಗಿಲಲ್ಲೇ, "ಬಂದ್ರಾ? ಗುರುಗಳಿಗೆ ಬಂದ್ರೆ ನಮ್ಗೆ ಬಂದಂಗೇ ಅಲ್ದಾ. ಕೂತ್ಕಳಿ, ರೊಟ್ಟಿ ಹಾಕ್ತೀನಿ" ಎಂದರು. ಎರಡು ಮಾತು ಬೈದಿದ್ದರೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು. ಹುಡುಗಿ ಮಾತ್ರ ಬಿಡಲಿಲ್ಲ. "ಅಮ್ಮ, ಡಾಕ್ಟ್ರಿಗೆ ಮೀನಿನ ದೊಡ್ಡ ಹೋಳು ಹಾಕು" ಎಂದಳು. ನಾನು ಆ ಹೋಳಿನ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂತೆ.

ಕಾಲೇಜಿನಲ್ಲಿ ನಮ್ಮದೇ ಮೊದಲ ಬ್ಯಾಚು. ಹಳೆಯ ಪುಸ್ತಕ ಕೊಡಲು ಸೀನಿಯರ್‌ಗಳಿಲ್ಲ, ಗೋಡೆಗೆ ಒರಗಿದರೆ ಬೆನ್ನಿಗೆ ಸುಣ್ಣ. ಕ್ಲಾಸಿನ ಮಕ್ಕಳು ನನ್ನನ್ನು ಆಂಟಿ ಎಂದರು, ನನಗಿಂತ ಚಿಕ್ಕವರಾದ ಲೆಕ್ಚರರು "ಮೇಡಂ, ಉತ್ತರ ಹೇಳಿ" ಎಂದು ತಡವರಿಸಿದರು. ನಿಟ್ಟೂರಿನಿಂದ ಮೆಸೇಜು ಬರುತ್ತಿತ್ತು: "ನಮ್ ಸೀಟ್ ಹೆಂಗಿದೆ ಮೇಡಂ?"

"ಸ್ಟೂಲಿನ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ."

"ಹರೀಬೇಡಿ ಮತ್ತೆ."

ಭಾನುವಾರಗಳಂದು ಬಸ್ಸಿನಲ್ಲಿ ಹೊಸನಗರಕ್ಕೆ ಹೋಗುತ್ತಿದ್ದೆ, ಅವಳೂ ಅಲ್ಲಿಗೆ ಬರುತ್ತಿದ್ದಳು. ಅವಳ ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಪಾಠ. ನನ್ನ ಅನಾಟಮಿ ಇಂಟರ್ನಲ್ಸ್ ಕೆಟ್ಟಿತು. ಕೆಟ್ಟಿದ್ದು ಸ್ವಲ್ಪ ಸಮಾಧಾನವನ್ನೇ ಕೊಟ್ಟಿತು, ಸುಳ್ಳೇಕೆ ಹೇಳಲಿ. ಅವಳು ಮತ್ತೆ ಬರೆದಳು. ಈ ಸಲ ಜೊತೆಗೆ ಬರೆಯಲು ನಾನಿರಲಿಲ್ಲ. ಕೈ ಮತ್ತೆ ನಡುಗಿತಂತೆ, ಸೀಟು ಬರಲಿಲ್ಲ.

"ಕೂತು ಕೂತು ಸಾಕಾಯ್ತು ಮೇಡಂ" ಎಂದು ನಮ್ಮದೇ ಕಾಲೇಜಿನ ಆಸ್ಪತ್ರೆಯ ನರ್ಸಿಂಗಿಗೆ ಸೇರಿಬಿಟ್ಟಳು.

ಈಗ ಇಬ್ಬರೂ ಒಂದೇ ವಾರ್ಡಿನಲ್ಲಿ ಸಿಗುತ್ತೇವೆ. ಮೊನ್ನೆ ರಕ್ತ ತೆಗೆಯುವುದನ್ನು ಕಲಿಸುವ ದಿನ. ರೋಗಿಗಳನ್ನು ಮುಟ್ಟುವ ಮೊದಲು ನಿಮ್ಮ ನಿಮ್ಮಲ್ಲೇ ಕಲಿಯಿರಿ ಎಂದರು ಸಿಸ್ಟರ್. ಚಾಳೀಸು ಹಾಕಿದ ಆಂಟಿಯ ಸೂಜಿಗೆ ಕೈಕೊಡಲು ಯಾವ ಹುಡುಗನಿಗೆ ಮನಸ್ಸಿದೆ? ಎಲ್ಲರೂ ಕಿಟಕಿ ನೋಡಿದರು. ಅತ್ತ ನಿಂತಿದ್ದ ಅವಳು ಬಂದು ತೋಳಿನ ಬಟ್ಟೆ ಮೇಲೆ ಮಡಚಿದಳು.

"ಚುಚ್ಚಿ ಮೇಡಂ."

ಚುಚ್ಚಿದೆ. ರಕ್ತ ಬರಲಿಲ್ಲ. ಸೂಜಿಯನ್ನು ಒಳಗೇ ಆಚೀಚೆ ಆಡಿಸಿದೆ. ಅವಳು ತುಟಿ ಕಚ್ಚಿದಳು. ಹೊರತೆಗೆದಾಗ ಚರ್ಮದಡಿ ನೀಲಿ ಏಳತೊಡಗಿತ್ತು. ಈ ಸಲ ಕೈ ನಡುಗುತ್ತಿದ್ದದ್ದು ನನ್ನದು.

"ಇನ್ನೊಂದ್ ಕೈ ಇದೆಯಲ್ಲ" ಎಂದು ಆ ತೋಳಿನ ಬಟ್ಟೆಯನ್ನೂ ಮೇಲೆ ಮಡಚಿ ಕೈಯನ್ನು ನನ್ನ ಮುಂದೆ ಚಾಚಿದಳು.

ಬೇಡ ಎನ್ನಬೇಕಿತ್ತು. ಹೊಸ ಸೂಜಿ ತೆಗೆದುಕೊಂಡೆ.