ಐದೂವರೆಯ ಕೋಳಿ

ಗುಳಿಗೆ ಕೆಟ್ಟಿರಲಿಲ್ಲ, ಫೋನೂ ಕೆಟ್ಟಿರಲಿಲ್ಲ. ನನ್ನ ಸೊಸೆ ಮೂರನೆಯ ಸಲ ಬಸುರಾಗಲು ಕಾರಣ ಅತ್ತೆಯಾದ ನಾನು. ಸತ್ತುಹೋದ ನರ್ಸಬಾಯಿಯ ಮೇಲೆ ಕೆಲವರು ಇನ್ನೂ ತಪ್ಪು ಹೊರಿಸುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ಆಕೆಯ ಮುಂದಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳು ತೂರುವಷ್ಟು ಸಂದು. ಸಿಟ್ಟು ಬಂದರೆ ಮಾತಿನ ಜೊತೆ ಸಿಳ್ಳೆಯೂ ಹೊರಡುತ್ತಿತ್ತು. ಮೂಲ ವಿಜಾಪುರದ ಕಡೆ. ಊರು ಬಿಟ್ಟು ಬಂದು ಮುರ್ಮುಗಾಂವ್ ಬಂದರಿನಲ್ಲಿ ದುಡಿಯುವ ನಮ್ಮಂಥವರ ಓಣಿಗೆ ವಾರಕ್ಕೊಮ್ಮೆ ಬಂದು ಸೊಸೆಯಂದಿರ ಫೋನು ಕಸಿದುಕೊಳ್ಳುತ್ತಿದ್ದಳು. ತಾನು ಕೊಟ್ಟ ಬಸಿರು ತಡೆಯುವ ಗುಳಿಗೆಯ ನೆನಪಿಗೆ ಅದರಲ್ಲಿ ಬೆಳಿಗ್ಗೆ ಐದೂವರೆಗೆ ಅಲಾರಾಂ ಇಡುತ್ತಿದ್ದಳು. ಎಲ್ಲಕ್ಕೂ ಕೋಳಿ ಕೂಗುವ ದನಿ.

"ಗಂಡ ಮರೀತಾನ, ಅತ್ತಿ ಮರೀತಾಳ, ಇದು ಮರಿಯೂದಿಲ್ಲ" ಎನ್ನುವಳು. ಆರೇಳು ಮನೆಯಲ್ಲಿ ಒಮ್ಮೆಲೇ ಕೂಗಿದರೆ, ಕೋಳಿ ಸಾಕಿದವರು ಯಾರೆಂದು ಗಂಡಸರು ಹುಡುಕುತ್ತಿದ್ದರು.

ನನ್ನ ಸೊಸೆಗೆ ಎರಡು ಹೆರಿಗೆಗೂ ಹೊಟ್ಟೆ ಕೊಯ್ದಿದ್ದರು. ಇನ್ನೊಂದು ಬಸಿರು ಜೀವಕ್ಕೆ ಕುತ್ತೆಂದು ಡಾಕ್ಟರು ಹೇಳಿದ್ದರು. ಕೆಲಸಕ್ಕೆ ಹೋಗಲು ವೆರ್ಣಾದ ಕಂಪನಿ ಬಸ್ಸು ಹತ್ತುವ ಮೊದಲು ಅವಳು ಗುಳಿಗೆ ನುಂಗುತ್ತಿದ್ದಳು, ಒಂದು ದಿನವೂ ತಪ್ಪಿಸದೆ. ನವರಾತ್ರಿ ಬಂತು. ಘಟ ಕೂರಿಸಿದ ಒಂಬತ್ತು ದಿನ ನಮ್ಮ ಮನೆಯ ಹೆಂಗಸರು ಸಂಜೆ ದೀಪ ಹಚ್ಚುವ ತನಕ ಬಾಯಿಗೆ ಏನೂ ಹಾಕುವುದಿಲ್ಲ. ಆ ಒಂಬತ್ತೂ ದಿನ ಗುಳಿಗೆಯೂ ಬೇಡವೆಂದೆ. ಕೋಳಿ ಕೂಗಿದಾಗಲೆಲ್ಲ ಫೋನಿನ ಬಾಯಿ ಮುಚ್ಚಿಸಿದವಳೂ ನಾನೇ.

ಅವಳು ಬಸುರಾದದ್ದು ಗೊತ್ತಾದಾಗ ನನ್ನ ಮಗ ನರ್ಸಬಾಯಿಯನ್ನು ಓಣಿಯಲ್ಲಿ ನಿಲ್ಲಿಸಿ, ಕೆಟ್ಟ ಗುಳಿಗೆ ಕೊಟ್ಟೆಯೆಂದು ಬೈದ. ಗಂಡಸರೆಲ್ಲ ಸೇರಿ, ಇನ್ನು ಇಲ್ಲಿ ಕಾಲಿಡಬೇಡ ಎಂದರು. ಆಕೆ ಅವರತ್ತ ತಿರುಗಲಿಲ್ಲ. ಯಾವ ದಿನ ತಪ್ಪಿತೆಂದು ಸೊಸೆಯನ್ನು ಕೇಳಿದಳು. ಸೊಸೆ ಘಟದ ದಿನಗಳು ಎಂದು ಮೆಲ್ಲಗೆ ಹೇಳಿ ನನ್ನ ಮುಖ ನೋಡಿದಳು. ನರ್ಸಬಾಯಿ ಹತ್ತಿರ ಬಂದು, ನನಗಷ್ಟೇ ಕೇಳುವಂತೆ ಅಂದಳು:

"ಗುಳಿಗಿ ಬ್ಯಾಡಂತ ದೇವಿ ಅಂದಿದ್ಲೇನ್ರಿ ಯವ್ವಾ, ನೀವ ಅಂದ್ರಿ?"

ಆದರೂ ಆಕೆ ನನ್ನನ್ನು ಗಂಡಸರಿಗೆ ಹಿಡಿದುಕೊಡಲಿಲ್ಲ. ಸೊಸೆಯನ್ನು ದೊಡ್ಡಾಸ್ಪತ್ರೆಗೆ ಕರೆತರುವ ದಿನ ಬರೆದುಕೊಟ್ಟು ಹೊರಟಳು. ಮುಂದೆ ಹೆರಿಗೆಯ ತನಕ ಅಲ್ಲಿ ಸೊಸೆಯ ಬೆನ್ನಿಗೆ ನಿಂತವಳೂ ಆಕೆಯೇ. ತಾಯಿ, ಕೂಸು ಎರಡೂ ಉಳಿದವು. ಆದರೆ ನರ್ಸಬಾಯಿಯನ್ನು ಬೈದು ಕಳಿಸಿದ ಆ ಸಂಜೆ ಓಣಿಯ ಹೆಂಗಸರು ಹೆದರಿ ತಮ್ಮ ಗುಳಿಗೆಗಳನ್ನು ಗಟಾರಕ್ಕೆ ಎಸೆದರು. ನೋಡುತ್ತ ಕೂತಿದ್ದೆ.

ಮರುದಿನ ಬೆಳಿಗ್ಗೆ ನಲ್ಲಿಯ ಮುಂದೆ ಕೊಡಗಳ ಸಾಲು ನಿಂತಾಗ, ಗುಳಿಗೆ ತಪ್ಪಿಸಿದವಳು ನಾನು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಮರ್ಯಾದೆ ಹೋಗುತ್ತದೆ, ಒಳಗೆ ನಡೆ ಎಂದ ಮಗ.

"ಹೊಟ್ಟಿ ಕೊಯ್ಯೂದು ನಿಂದಲ್ಲ, ಸುಮ್ಕಿರು" ಎಂದೆ.

ಆಮೇಲೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ, ನರ್ಸಬಾಯಿಯ ಕೈ ಹಿಡಿದು ನಮ್ಮ ಓಣಿಯ ನಟ್ಟನಡುವೆ ನಡೆಸಿಕೊಂಡು ಬಂದೆ.