ತಂಗಿಯ ದನಿ ಇಳಿಸಿದ ಸಂಜೆ

1979ರಲ್ಲಿ ನಾನು ಚಾಮರಾಜಪೇಟೆಯ ಒಂದು ಮೈಕ್ ಸೆಟ್ ಅಂಗಡಿಯಲ್ಲಿ ಆಪರೇಟರ್ ಆಗಿದ್ದೆ. ಓದು ಏಳನೆಯ ಕ್ಲಾಸಿಗೇ ನಿಂತಿತ್ತು. ಮದುವೆ, ಹರಿಕಥೆ, ಚುನಾವಣೆ ಭಾಷಣ ಎಲ್ಲಕ್ಕೂ ಹೋಗುತ್ತಿದ್ದೆ. ಆದರೆ ಬಸವನಗುಡಿಯ ಒಂದು ಬರವಣಿಗೆ ತರಗತಿಯ ವಾಚನದ ಸಂಜೆಯ ಮೇಲಿದ್ದಷ್ಟು ತಾತ್ಸಾರ ನನಗೆ ಬೇರೆ ಯಾವುದರ ಮೇಲೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಕಥೆ, ಕವಿತೆ ಬರೆಯುವುದನ್ನು ಕಲಿಸುವ ತರಗತಿ ಅದು. ವರ್ಷಕ್ಕೊಂದು ಸಂಜೆ ಕಲಿಸುವವರೇ ವೇದಿಕೆ ಹತ್ತಿ ತಾವು ಬರೆದದ್ದನ್ನು ಓದುತ್ತಿದ್ದರು. ವಿದ್ಯಾರ್ಥಿಗಳು ವಿಧಿಯಿಲ್ಲದೆ ಬರುತ್ತಿದ್ದರು, ಮಿಕ್ಕವರು ಉಪ್ಪಿಟ್ಟು ಕಾಫಿಗೆ. ಕಡಿಮೆ ಮಾತಿನಲ್ಲಿ ಬರೆಯಿರಿ ಎಂದು ವರ್ಷವಿಡೀ ಬುದ್ಧಿ ಹೇಳುವವರು, ಮೈಕ್ ಸಿಕ್ಕಿದ ಕೂಡಲೇ ಹತ್ತು ಸಾಲಿನ ಕವಿತೆಗೆ ಕಾಲು ಗಂಟೆ ಪೀಠಿಕೆ ಹಾಕುತ್ತಿದ್ದರು. ಒಬ್ಬರಂತೂ ತಮ್ಮ ಸಾಲಿಗೆ ತಾವೇ ‘ಆಹಾ’ ಎಂದುಕೊಂಡು, ಅದನ್ನೇ ಮತ್ತೊಮ್ಮೆ ಓದುತ್ತಿದ್ದರು.

ನಮ್ಮ ಕೆಲಸದಲ್ಲಿ ಇಂಥವರಿಗೊಂದು ಮದ್ದಿತ್ತು. ಆಗಿನ ಸ್ಪೀಕರುಗಳ ಮುಖವೆಲ್ಲ ಜನರ ಕಡೆಗೆ. ವೇದಿಕೆಯಲ್ಲಿ ಇದ್ದವರಿಗೆ ಸಭೆಗೆ ಏನು ತಲುಪುತ್ತಿದೆ ಎನ್ನುವುದು ತಿಳಿಯುತ್ತಿರಲಿಲ್ಲ. ಆಂಪ್ಲಿಫೈಯರಿನ ವಾಲ್ಯೂಮನ್ನು ಸ್ವಲ್ಪಸ್ವಲ್ಪವೇ ಇಳಿಸಿದರೆ ಸಭೆಯಲ್ಲಿ ಗುಜುಗುಜು ಏಳುತ್ತದೆ, ಮಾನ ಇದ್ದವರು ಓದು ಮುಗಿಸುತ್ತಾರೆ.

“ನಾನು ಪೆನ್ನು ಎತ್ತಿದ್ರೆ ಇಳಿಸ್ಬಿಡಪ್ಪ. ಅವ್ರಿಗೆ ಗೊತ್ತಾಗ್ಬಾರ್ದು,” ಎಂದರು ನನ್ನ ಪಕ್ಕ ಕುಳಿತಿದ್ದ ತರಗತಿಯ ಕಾರ್ಯದರ್ಶಿ.

“ಬೇರೆಯವ್ರ ಮಾತೇ ಕೇಳಿಸ್ಕೊಳ್ಳಲ್ಲ ಸಾರ್, ಇನ್ನು ತಮ್ದೇನು ಕೇಳಿಸ್ಕೋತಾರೆ,” ಎಂದೆ.

ಆ ವರ್ಷ ಓದುವವರಲ್ಲಿ ನನ್ನ ತಂಗಿ ಸುಶೀಲಾ ಕೂಡ ಇದ್ದಳು. ಬಿ.ಎ. ಮಾಡಿ ಮಲ್ಲೇಶ್ವರದ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಭಾನುವಾರ ಈ ತರಗತಿಯಲ್ಲಿ ಸಹಾಯಕಿ. ಗದ್ಯ ಕಲಿಸುವ ಹಿರಿಯರು ಕಲಿಸುವುದನ್ನು ಬಿಡುವವರಿದ್ದರು. ಆ ಸಂಜೆ ಸಭೆಯನ್ನು ಯಾರು ಹಿಡಿದು ಕೂರಿಸುತ್ತಾರೋ ಅವರಿಗೇ ಗದ್ಯದ ತರಗತಿ ಎಂದು ಅಧ್ಯಕ್ಷರು ಹೇಳಿದ್ದರು. ಸುಶೀಲಾ ಒಂದು ತಿಂಗಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಓದಿ ಅಭ್ಯಾಸ ಮಾಡಿದಳು. ಏನದು ಎಂದು ಕೇಳಿದರೆ, “ಅಲ್ಲೇ ಕೇಳು ಅಣ್ಣ. ಮೈಕ್ ನಿಂದೇ ತಾನೇ,” ಎಂದಳು.

ನನ್ನದೊಂದು ಸುಳ್ಳನ್ನು ಇಲ್ಲಿ ಹೇಳಲೇಬೇಕು. ತಂಗಿ ಓದಲಿ ಎಂದು ನಾನು ಸ್ಕೂಲು ಬಿಟ್ಟೆ ಎಂದು ಕಂಡವರಿಗೆಲ್ಲ ಹೇಳಿಕೊಂಡಿದ್ದೆ. ಈ ಕಾರ್ಯದರ್ಶಿಯೂ ಅದನ್ನು ನಂಬಿ ನನ್ನನ್ನು ಹೊಗಳುತ್ತಿದ್ದರು. ನಾನೂ ತಲೆ ತಗ್ಗಿಸಿ ಹೊಗಳಿಸಿಕೊಳ್ಳುತ್ತಿದ್ದೆ.

ಸುಶೀಲಾ ಮೈಕಿನ ಮುಂದೆ ನಿಂತು ಓದಿದ ಮೊದಲ ಸಾಲು: “ನನ್ನ ಅಣ್ಣ ಏಳನೆಯ ತರಗತಿಯಲ್ಲಿ ಎರಡು ಸಲ ಫೇಲಾದ.”

ಕಾರ್ಯದರ್ಶಿ ತಿರುಗಿ ನನ್ನ ಮುಖ ನೋಡಿದರು. ಅವರ ಪೆನ್ನು ಜೇಬಿನಲ್ಲೇ ಇತ್ತು. ನನ್ನ ಕೈ ಮಾತ್ರ ವಾಲ್ಯೂಮಿಗೆ ಹೋಯಿತು.

ಎರಡು ನಿಮಿಷದಲ್ಲಿ ಅವಳ ದನಿ ಫ್ಯಾನಿನ ಸದ್ದಿಗಿಂತ ಕೆಳಗಿಳಿಯಿತು. ಕೇಳಿಸುತ್ತಿಲ್ಲ ಎಂದು ಒಬ್ಬರೂ ಕೂಗಲಿಲ್ಲ. ಅಷ್ಟು ಹೊತ್ತಿಗೆ ಕೇಳುವ ಆಸೆ ಯಾರಿಗಿತ್ತು. ಕುರ್ಚಿಗಳು ಕಿರುಗುಟ್ಟಿದವು, ಹಿಂದಿನ ಸಾಲು ಹರಟೆಗೆ ಇಳಿಯಿತು. ಸುಶೀಲಾ ತಲೆ ಎತ್ತಿ ಸಭೆಯನ್ನು ನೋಡಿದಳು, ಇನ್ನೊಂದು ಪುಟ ಓದಿದಳು, ಉಳಿದದ್ದನ್ನು ಮಡಿಚಿಕೊಂಡು ಇಳಿದುಬಂದಳು. ಅವಳ ನಂತರ ‘ಆಹಾ’ದವರು ಬಂದರು. ಕಾರ್ಯದರ್ಶಿ ಪೆನ್ನು ಎತ್ತಿದರು, ನಾನು ಇಳಿಸಿದೆ, ಅವರು ಏನೂ ಆಗದವರಂತೆ ಇನ್ನೂ ಇಪ್ಪತ್ತು ನಿಮಿಷ ಓದಿದರು. ಕೊನೆಗೂ ಮುಗಿಯಿತಲ್ಲ ಎಂದು ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷ ಮಹಾಶಯರು ಅದನ್ನೇ ಮೆಚ್ಚುಗೆ ಎಂದುಕೊಂಡು ಗದ್ಯದ ತರಗತಿಯನ್ನು ಅವರಿಗೆ ಕೊಟ್ಟರು.

ಆಟೋದಲ್ಲಿ ಸಾಮಾನು ಹಾಕಿಕೊಂಡು ಬರುವಾಗ ಸುಶೀಲಾ ಕೇಳಿದಳು, “ಜನಕ್ಕೆ ಬೇಜಾರಾಯ್ತಾ ಅಣ್ಣ?”

“ಸ್ವಲ್ಪ ಉದ್ದ ಆಯ್ತು ಕಣೇ.”

“ನಿಂಗೂ?”

“ನಾನು ವೈರ್ ನೋಡ್ಕೋತಿದ್ದೆ.”

ಅವಳು ಕೈಯಲ್ಲಿದ್ದ ಹಾಳೆಗಳನ್ನು ವೈರಿನ ಪೆಟ್ಟಿಗೆಗೆ ತುರುಕಿದಳು. ವಾಲ್ಯೂಮ್ ಇಳಿಸಿದ್ದು ಹೆದರಿ ಮಾಡಿದ ತಪ್ಪು. ಈ ಉತ್ತರ ಕೊಟ್ಟದ್ದು ತಿಳಿದು ತಿಳಿದೂ ಮಾಡಿದ್ದು.

ಮರುದಿನ ಅಂಗಡಿಯಲ್ಲಿ ಆ ಹಾಳೆಗಳನ್ನು ಒಂದೊಂದೇ ಸಾಲಾಗಿ ಓದಿದೆ. ಫೇಲಾದ ಮಾತು ಇದ್ದದ್ದು ಆ ಒಂದೇ ಸಾಲಿನಲ್ಲಿ. ಉಳಿದದ್ದೆಲ್ಲ ನಮ್ಮ ವಠಾರದ ಹಿತ್ತಿಲಿನ ಕತೆ. ಚಿಕ್ಕಂದಿನಲ್ಲಿ ದಿನಾ ಸಂಜೆ ಅವಳನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, ನಾನು ಆ ಕಡೆ ಗೋಡೆಗೊರಗಿ, ಪಾಠವನ್ನು ಗಟ್ಟಿಯಾಗಿ ಓದಿಸುತ್ತಿದ್ದೆ. ‘ಕೇಳಿಸ್ಲಿಲ್ಲ, ಇನ್ನೊಂದ್ಸಲ’ ಎನ್ನುತ್ತಿದ್ದೆ. ನಾಲ್ಕು ಜನರ ಮುಂದೆ ನಿಂತು ಓದುವ ದನಿ ತನಗೆ ಬಂದದ್ದು ಅಲ್ಲಿಂದ ಎಂದು ಅವಳು ಬರೆದಿದ್ದಳು.

ಸುಶೀಲಾ ಆಮೇಲೆ ಏನನ್ನೂ ಬರೆಯಲಿಲ್ಲ. ನಾನು ಮಾತ್ರ ಎಲ್ಲಿ ಮೈಕ್ ಹಾಕಿದರೂ ಒಂದು ಸಣ್ಣ ಸ್ಪೀಕರನ್ನು ಮಾತಾಡುವವರ ಕಡೆಗೆ ತಿರುಗಿಸಿ ಇಡತೊಡಗಿದೆ. ಹಾಗಿಟ್ಟರೆ ಮೈಕ್ ಕೀಚಲಾಗಿ ಕೂಗುತ್ತದೆ, ಸರಿಮಾಡಲು ಅರ್ಧ ಗಂಟೆ ಹಿಡಿಯುತ್ತದೆ, ಮಾಲೀಕರು ಬೈಯುತ್ತಿದ್ದರು. ತಮ್ಮ ದನಿ ಜನರಿಗೆ ಎಷ್ಟು ತಲುಪುತ್ತಿದೆ ಎನ್ನುವುದು ಮಾತಾಡುವವರಿಗೆ ತಿಳಿಯಲೇಬೇಕು. ವಾಲ್ಯೂಮ್ ಹಿಡಿದವನನ್ನು ನಂಬಬಾರದು. ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಇದನ್ನು ಅಚ್ಚಿಗೆ ಕೊಡುವ ಮುಂಚೆ ಮಲ್ಲೇಶ್ವರಕ್ಕೆ ಹೋಗಿ ಸುಶೀಲಾಳ ಎದುರು ಓದಿದೆ. ವಾಲ್ಯೂಮಿಗೆ ಕೈ ಹೋದ ಸಾಲು ಬಂದಾಗ ನಾನು ದನಿ ಇಳಿಸಿ ಓದಿದೆ. ಅವಳು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

“ಕೇಳಿಸ್ಲಿಲ್ಲ ಅಣ್ಣ,” ಎಂದಳು. “ಇನ್ನೊಂದ್ಸಲ.”